ಅಪ್ಪ ಕಂಡ ನಕ್ಷತ್ರ

ನನ್ನ ಅಪ್ಪ ಕಾರ್ಕಳ–ಉಡುಪಿ ಲೈನಿನ ಬಸ್ಸು ಓಡಿಸುತ್ತಿದ್ದರು. ಕೊನೆಯ ಟ್ರಿಪ್ಪು ಮುಗಿಸಿ, ಮಣಿಪಾಲದ ಗುಡ್ಡದ ಬುಡದಲ್ಲಿದ್ದ ನಮ್ಮ ಮನೆಗೆ ಅವರು ಬಂದು ಮುಟ್ಟುವ ತನಕ ನನಗೆ ಊಟ ಸೇರುತ್ತಿರಲಿಲ್ಲ. ಹದಿನೈದು ವರ್ಷದ ಹುಡುಗಿಗೆ ಎಷ್ಟು ಹೆದರಿಕೆ ಇರಬೇಕೋ ಅದರ ನಾಲ್ಕು ಪಾಲು ನನಗಿತ್ತು. ಮಳೆ ಬಂದರೆ ಬಸ್ಸು ಜಾರಿತೆಂದು, ಬಾರದಿದ್ದರೆ ಟಯರು ಒಡೆಯಿತೆಂದು ಹೆದರುವುದು. "ಇವಳ ತಲೆಯೊಳಗೆ ದಿನಕ್ಕೆ ಎರಡು ಬಸ್ಸು ಮಗುಚುತ್ತವೆ" ಎಂದು ಅಮ್ಮ ನೆರೆಯವರ ಎದುರು ತಮಾಷೆ ಮಾಡುತ್ತಿದ್ದರು. ಐವತ್ತರ ದಶಕ ಮುಗಿಯುತ್ತ ಬಂದಿದ್ದ ಆ ವರ್ಷ ನನ್ನ ಹೆದರಿಕೆಗೆ ನಿಜವಾದ ಕಾರಣವೇ ಸಿಕ್ಕಿತು.

ಉಡುಪಿಯ ನಮ್ಮ ಹೈಸ್ಕೂಲಿಗೆ ಹೊಸ ವಿಜ್ಞಾನ ಮಾಸ್ಟ್ರು ಬಂದಿದ್ದರು. ಪಾಠಪುಸ್ತಕದಲ್ಲಿ ಇಲ್ಲದ್ದನ್ನು ಹೇಳುವುದೆಂದರೆ ಅವರಿಗೆ ಬಲು ಖುಷಿ. ದೀಪಾವಳಿ ಕಳೆದ ಮೇಲೆ ಒಂದು ದಿನ ತಿಮಿಂಗಿಲವೆಂಬ ನಕ್ಷತ್ರಪುಂಜವನ್ನು ಹಲಗೆಯ ಮೇಲೆ ಬರೆದು, ಅದರ ಕತ್ತಿನ ಹತ್ತಿರ ಕೆಂಪು ಸೀಮೆಸುಣ್ಣದಲ್ಲಿ ಒಂದು ಚುಕ್ಕೆ ಇಟ್ಟರು. ಅದರ ಹೆಸರು ಮೀರಾ ಎಂದರು.

"ಇದು ದೈತ್ಯ ನಕ್ಷತ್ರ. ಇದರ ಅಡ್ಡಕ್ಕೆ ನಮ್ಮ ಸೂರ್ಯನಂಥ ನೂರಾರು ಸೂರ್ಯರನ್ನು ಸಾಲಾಗಿ ಇಡಬಹುದು. ಆದರೂ ವರ್ಷದಲ್ಲಿ ಹೆಚ್ಚಿನ ಸಮಯ ಇದು ಕಣ್ಣಿಗೆ ಕಾಣುವುದೇ ಇಲ್ಲ."

ದೈತ್ಯನಾದರೆ ಮಂಕು ಯಾಕೆ ಎಂದು ನಾನು ಕೇಳಿದೆ. ಅದು ಬಹಳ ದೂರ, ಮೇಲಾಗಿ ಮುದಿ ನಕ್ಷತ್ರ ಎಂದರು. ಒಂದು ಕಾಲಕ್ಕೆ ಅದೂ ಸೂರ್ಯನ ಹಾಗೆಯೇ ಇತ್ತಂತೆ. ಒಡಲಿನ ನಡುವೆ ಇದ್ದ ಉರುವಲು ತೀರಿದ ಮೇಲೆ ಹೊರಮೈ ಊದಿಕೊಂಡು, ತಣಿದು, ಕೆಂಪಾಗಿದೆ. ಆ ಹೊರಮೈ ಎಷ್ಟು ತೆಳುವೆಂದರೆ ನಾವು ಉಸಿರಾಡುವ ಗಾಳಿಯೇ ಅದಕ್ಕಿಂತ ದಟ್ಟ. ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಹನ್ನೊಂದು ತಿಂಗಳಿಗೊಮ್ಮೆ ಬೆಳಗಿ, ಎರಡು ಮೂರು ತಿಂಗಳು ಕಂಡು, ಮತ್ತೆ ಬರಿಗಣ್ಣಿಗೆ ಸಿಗದಷ್ಟು ಮಂಕಾಗುತ್ತದೆ. ಕೊನೆಗೆ ಹೊರಮೈಯೆಲ್ಲ ಚೆಲ್ಲಿಹೋಗಿ, ನಡುವಿನ ಸಣ್ಣ ಬಿಳಿ ಕೆಂಡ ಮಾತ್ರ ಉಳಿದು, ಅದೂ ನಿಧಾನಕ್ಕೆ ಆರುತ್ತದೆ. ನಮ್ಮ ಸೂರ್ಯನ ಗತಿಯೂ ಅದೇ ಎಂದರು. ಅದಕ್ಕಿನ್ನೂ ನೂರಾರು ಕೋಟಿ ವರ್ಷ ಉಂಟು ಎಂದು ಅವರು ಸೇರಿಸುವಷ್ಟರಲ್ಲಿ ನಾನು ಹೆದರಿ ಆಗಿತ್ತು.

ಈಗ ಅದು ಬೆಳಗುವ ಸಮಯ, ಮನೆಯವರಿಗೂ ತೋರಿಸಿ ಎಂದರು. ಡಿಸೆಂಬರಿನ ಒಂದು ಭಾನುವಾರ, ಅಪ್ಪನಿಗೆ ರಜೆಯಿದ್ದ ದಿನ, ಕತ್ತಲಾಗುತ್ತಲೇ ಅಂಗಳಕ್ಕಿಳಿದು ಕೃತ್ತಿಕೆಯಿಂದ ಬಲಕ್ಕೆ ಹುಡುಕುತ್ತ ಹೋದೆ. ಸಿಕ್ಕಿತು. ಅಮ್ಮನಿಗೂ ಕೂಡಲೇ ಕಂಡಿತು. ಅಪ್ಪ ಸ್ವಲ್ಪ ಹೊತ್ತು ಕತ್ತೆತ್ತಿ ನಿಂತು, "ಹಾಂ, ಕಂಡಿತು. ಕೆಂಪು ಕೆಂಪು ಉಂಟು ಅಲ್ವಾ?" ಎಂದರು. ಅದು ಕೆಂಪೆಂದು ಮೊದಲೇ ಹೇಳಿದ್ದವಳು ನಾನು. ಆಗ ಆ ಯೋಚನೆ ಬರಲಿಲ್ಲ.

ಜನವರಿಯಲ್ಲಿ ಕಾರ್ಕಳದ ಅತ್ತೆಯ ಮನೆಗೆ ಹೋಗಿದ್ದವಳು ಅಪ್ಪನ ಬಸ್ಸಿನಲ್ಲೇ ಮರಳುತ್ತಿದ್ದೆ. ಎದುರಿನ ಸೀಟು ಸಿಕ್ಕಿತ್ತು. ಹಿರಿಯಡ್ಕ ದಾಟಿದ ಮೇಲೆ ಎದುರಿನಿಂದ ಬಂದ ಲಾರಿಯೊಂದು ಬೆಳಕು ಚೆಲ್ಲಿ ಹೋಯಿತು. ಅದು ದಾಟಿದ್ದೇ, ನಮ್ಮ ಮುಂದೆ ಅದೇ ದಿಕ್ಕಿಗೆ ಹೋಗುತ್ತಿದ್ದ ಒಂದು ಎತ್ತಿನ ಗಾಡಿ. ಗಾಡಿಯ ಕೆಳಗೆ ಲಾಟೀನು ತೂಗುತ್ತಿದ್ದುದು ನನಗೆ ಚೆನ್ನಾಗಿ ಕಾಣುತ್ತಿತ್ತು. ಬಸ್ಸಿನ ವೇಗ ಇಳಿಯಲಿಲ್ಲ.

"ಗಾಡಿ, ಗಾಡಿ! ಬಲಕ್ಕೆ ತೆಗಿ ಮಾರಾಯಾ!" ಎಂದು ಕಂಡಕ್ಟರ್ ಕೂಗಿದರು. ಅವರು ಕಾಪುವಿನವರು, ಎಷ್ಟೋ ವರ್ಷಗಳಿಂದ ಅಪ್ಪನ ಜೊತೆಗಾರರು. ಬಸ್ಸು ವಾಲಿತು, ಹೆಂಗಸರು ಕಿರುಚಿದರು, ಗಾಡಿ ಕೂದಲೆಳೆಯಲ್ಲಿ ತಪ್ಪಿತು.

"ದೀಪ ಇಡದೆ ಗಾಡಿ ಹೊಡೆದರೆ ಎಂತ ಮಾಡುವುದು?" ಎಂದು ಅಪ್ಪ ಗದರಿದರು. ಅಲ್ಲಿಂದ ಮುಂದೆ ಕಂಡಕ್ಟರ್ ಅಪ್ಪನ ಬೆನ್ನಿಗೇ ನಿಂತು, "ತಿರುವು ಉಂಟು", "ಎಡಕ್ಕೆ ಜನ ಉಂಟು" ಎಂದು ಮೆಲ್ಲಗೆ ಹೇಳುತ್ತ ಬಂದರು. ಅವರು ಹೇಳುತ್ತಿದ್ದ ರೀತಿ ನೋಡಿದರೆ ಅದು ಮೊದಲ ದಿನದ ಕೆಲಸವಲ್ಲವೆಂದು ಗೊತ್ತಾಗುತ್ತಿತ್ತು.

ಫೆಬ್ರವರಿ ಕೊನೆಗೆ ಮಾಸ್ಟ್ರು, ಮೀರಾ ಈಗ ಮಂಕಾಗಿದೆ, ಯಾರ ಕಣ್ಣಿಗೂ ಸಿಗಲಿಕ್ಕಿಲ್ಲ, ಆ ಖಾಲಿ ಜಾಗವನ್ನಾದರೂ ನೋಡಿ ಎಂದರು. ನೋಡಿದೆ. ಪಶ್ಚಿಮಕ್ಕೆ ವಾಲಿದ್ದ ಆ ಜಾಗದಲ್ಲಿ ಏನೂ ಇರಲಿಲ್ಲ. ಮುಂದಿನ ಭಾನುವಾರ ಅಪ್ಪನನ್ನು ಅಂಗಳಕ್ಕೆ ಕರೆದೆ. ಅಪ್ಪನಿಗೇ ಪರೀಕ್ಷೆ ಇಡುತ್ತಿದ್ದೆ.

"ಅಪ್ಪಾ, ಅವತ್ತಿನ ನಕ್ಷತ್ರ ಕಾಣ್ತದಾ ನೋಡಿ."

ಈ ಸಲ ಅವರು ತಡಮಾಡಲಿಲ್ಲ. "ಕಾಣ್ತದಲ್ಲ! ಅವತ್ತಿಗಿಂತ ಜೋರುಂಟು."

ಇಲ್ಲ ಎನ್ನಲಿ ಎಂದು ನಾನು ದೇವರನ್ನು ಎಷ್ಟು ಬೇಡಿಕೊಂಡಿದ್ದೆ! ಇಲ್ಲ ಎಂದಿದ್ದರೆ ಅಪ್ಪ ನಿಜ ಹೇಳುವವರೆಂದಾದರೂ ಸಮಾಧಾನ ಇರುತ್ತಿತ್ತು. ಅಮ್ಮನ ಹತ್ತಿರ ಹೇಳಿದೆ. "ಬಾಯಿ ಮುಚ್ಚು. ಸ್ಟೇರಿಂಗ್ ಬಿಟ್ಟರೆ ಅವರಿಗೆ ಬೇರೆ ಎಂತ ಗೊತ್ತುಂಟು?" ಎಂದು ಅಮ್ಮ ಒಲೆಯ ಕಡೆ ತಿರುಗಿದರು. ಅಮ್ಮನಿಗೂ ಗೊತ್ತಿತ್ತು. ಕಂಡಕ್ಟರಿಗೆ ಗೊತ್ತಿತ್ತು. ಗೊತ್ತಿಲ್ಲದವರು ಬಸ್ಸಿನೊಳಗೆ ಕೂತವರು ಮಾತ್ರ.

ಅಷ್ಟರಲ್ಲಿ ಬಸ್ಸಿನ ಧಣಿಗಳು ಹೆಬ್ರಿಗೆ ಹೊಸ ಲೈನು ತೆಗೆದರು. ಸಂಜೆ ಹೊರಟು, ಕಾಡಿನ ದಾರಿಯಲ್ಲಿ ಕತ್ತಲೆಗೆ ಮರಳುವ ಟ್ರಿಪ್ಪು. ಸಂಬಳ ಹೆಚ್ಚು. ಬೇಕಾದ ಡ್ರೈವರುಗಳು ಅರ್ಜಿ ಕೊಡಬೇಕಿತ್ತು.

ಅಪ್ಪ ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವರು, ಓದು ಬರಹ ಸಹಿಯಷ್ಟಕ್ಕೇ. ನಾನು ಬರೆಯಲು ಕಲಿತಂದಿನಿಂದ ಅವರ ಕಾಗದಗಳೆಲ್ಲ ನನ್ನ ಕೈಯವೇ. "ಒಂದು ಅರ್ಜಿ ಬರಿ ಮಗಾ" ಎಂದು ಚಿಮಿಣಿ ದೀಪದ ಎದುರು ಕೂತು ಹೇಳತೊಡಗಿದರು. ಹೆಬ್ರಿ ಲೈನು ತನಗೇ ಕೊಡಬೇಕು, ಆ ದಾರಿಯ ತಿರುವೆಲ್ಲ ತನಗೆ ಬಾಯಿಪಾಠ ಎಂದು.

ನಾನು ಬರೆದದ್ದು ಬೇರೆ. "ನನಗೆ ಈಗ ಕತ್ತಲೆಯಲ್ಲಿ ಕಣ್ಣು ಸರಿಯಾಗಿ ಕಾಣುವುದಿಲ್ಲ. ಜನರ ಜೀವದ ವಿಷಯವಾದ್ದರಿಂದ ಸಂಜೆಯ ನಂತರದ ಯಾವ ಟ್ರಿಪ್ಪನ್ನೂ ನನಗೆ ಕೊಡಬಾರದಾಗಿ ಬೇಡಿಕೊಳ್ಳುತ್ತೇನೆ." ಅವರು ಹೇಳುತ್ತಿದ್ದಷ್ಟು ಹೊತ್ತು ನನ್ನ ಪೆನ್ನು ಓಡುತ್ತಲೇ ಇರಬೇಕಿತ್ತು. ಹಾಗಾಗಿ ಕೊನೆಯಲ್ಲಿ ವಂದನೆಯ ಮಾತುಗಳನ್ನು ಉದ್ದಕ್ಕೆ ಬರೆದೆ. ಬೆವರಿಗೆ ಶಾಯಿ ಎರಡು ಕಡೆ ಹರಡಿತು.

ಓದಿ ಹೇಳು ಎನ್ನುತ್ತಾರೆ, ಸಿಕ್ಕಿಬೀಳುತ್ತೇನೆ ಎಂದುಕೊಂಡಿದ್ದೆ. ಅಪ್ಪ ಕಾಗದವನ್ನು ತಾವೇ ತೆಗೆದುಕೊಂಡು ದೀಪದ ಹತ್ತಿರ ಹಿಡಿದರು. ಒಂದೊಂದೇ ಸಾಲಿನ ಮೇಲೆ ಕಣ್ಣು ಹಾಯಿಸಿದರು.

"ಸರಿಯಾಗಿ ಬರೆದಿದ್ದಿ" ಎಂದು ಸಹಿ ಹಾಕಿದರು. ಮರುದಿನ ತಾವೇ ಆಫೀಸಿಗೆ ಕೊಟ್ಟರು.

ವಾರ ಕಳೆದ ಮೇಲೆ ಧಣಿಗಳು ಡ್ರೈವರುಗಳನ್ನೆಲ್ಲ ಕರೆದು ಆ ಅರ್ಜಿಯನ್ನು ಗಟ್ಟಿಯಾಗಿ ಓದಿದರಂತೆ. ತನ್ನ ಕೊರತೆಯನ್ನು ತಾನೇ ಬರೆದುಕೊಟ್ಟ ಇಂಥ ಮನುಷ್ಯನನ್ನು ನಾನು ಕಂಡಿಲ್ಲ ಎಂದು ಅಪ್ಪನ ಕೈ ಕುಲುಕಿದರಂತೆ. ಅಪ್ಪ ತಲೆ ತಗ್ಗಿಸಿ ನಿಂತಿದ್ದರಂತೆ. ಓದದೆ ಸಹಿ ಹಾಕಿದೆ ಎಂದು ಅಷ್ಟು ಜನರ ಎದುರು ಹೇಗೆ ಹೇಳಿಯಾರು? ಇದನ್ನೆಲ್ಲ ಆಮೇಲೆ ಅಮ್ಮನಿಗೆ ಹೇಳಿದವರು ಕಂಡಕ್ಟರು.

ಆ ದಿನ ಅಪ್ಪ ಬಿಸಿಲಿರುವಾಗಲೇ ಮನೆಗೆ ಬಂದರು. ನೀರು ಕೇಳಿ ಕುಡಿದರು. ನನ್ನ ಮುಖ ನೋಡದೆ, "ನಿನ್ನ ಅಕ್ಷರ ಚೆಂದ ಉಂಟಂತೆ. ಧಣಿಗಳು ಹೇಳಿದರು" ಎಂದರು.

ಅಷ್ಟೇ. ಬೈಯಲಿಲ್ಲ. ಮೊದಲು ಹಗಲಿನ ಟ್ರಿಪ್ಪು ಸಿಕ್ಕಿತು, ಆಮೇಲೆ ಆಫೀಸಿನಲ್ಲಿ ಪಾರ್ಸೆಲ್ ಕಟ್ಟುವ ಕೆಲಸ. ಯಾರ ಜೀವಕ್ಕೂ ಏನೂ ಆಗಲಿಲ್ಲ. ಇವತ್ತು ಕೇಳಿದರೂ ಅದನ್ನೇ ಬರೆದೇನು. ಆದರೆ ಆಮೇಲೆ ಅಪ್ಪ ಒಂದು ಕಾರ್ಡು ಬರೆಸಲಿಕ್ಕೂ ನನ್ನನ್ನು ಕರೆಯಲಿಲ್ಲ. ಕಾಗದ ಬರೆಸಬೇಕಾದಾಗ ಕಾಪುವಿಗೆ ಹೋಗಿ ಕಂಡಕ್ಟರ ಕೈಯಲ್ಲಿ ಬರೆಸಿ, ಸಹಿ ಹಾಕುವ ಮೊದಲು ಎರಡೆರಡು ಸಲ ಗಟ್ಟಿಯಾಗಿ ಓದಿಸುತ್ತಿದ್ದರಂತೆ.