ತಲಿಗೆ ತಿಕ್ಕ್ರಿ

ದೇಶ ಡಿಜಿಟಲ್ ಆಗಬೇಕೆಂದು ದಿಲ್ಲಿಯಲ್ಲಿ ಏನೇನು ಯೋಜನೆ ಹಾಕಿದ್ದರೋ, ತಿಕೋಟಾಕ್ಕೆ ಬರುವ ಹೊತ್ತಿಗೆ ಅದೆಲ್ಲ ನಮ್ಮ ಕಂಪ್ಯೂಟರ್ ಕೇಂದ್ರದವನ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು: “ತಲಿಗೆ ತಿಕ್ಕ್ರಿ.” ರೊಟ್ಟಿ ಬಡಿದು, ಕಳೆ ಕಿತ್ತು ಸವೆದ ಹೆಬ್ಬೆಟ್ಟನ್ನು ಅವನ ಬೆರಳಚ್ಚಿನ ಮಷಿನ್ ಗುರುತಿಸುತ್ತಿರಲಿಲ್ಲ. ಎಣ್ಣೆ ಹಚ್ಚಿದ ಕೂದಲಿಗೆ ತಿಕ್ಕಿ ಒತ್ತಿದರೆ ಒಪ್ಪಿಕೊಳ್ಳುತ್ತಿತ್ತು. ಹೇಳುವವನದು ಮಾತ್ರ ಬೋಳು ತಲೆ.

ವಾರವೆಲ್ಲ ದ್ರಾಕ್ಷಿ ತೋಟದಲ್ಲಿ ಕತ್ತರಿ ಹಿಡಿದು ಬಂದಿದ್ದ ಅವನ ಹೆಬ್ಬೆಟ್ಟನ್ನೇ ಒಂದು ಮುಂಜಾನೆ ಮಷಿನ್ ತಿರಸ್ಕರಿಸಿತು. ದಿನಾ ಮೊದಲು ಅವನು ಒತ್ತದೆ ಅದು ಬೇರೆಯವರಿಗೆ ತೆರೆಯುವಂತಿಲ್ಲ. ಪಾಳಿಯಲ್ಲಿ ಮೊದಲು ನಿಂತಿದ್ದ ಅಜ್ಜಿಗೋ, ತಾನು ಬದುಕಿರುವುದನ್ನು ಅಂದೇ ಹೆಬ್ಬೆಟ್ಟೊತ್ತಿ ತೋರಿಸದಿದ್ದರೆ ಪಿಂಚಣಿ ನಿಲ್ಲುತ್ತಿತ್ತು. ಅವನು ಹೆಬ್ಬೆಟ್ಟನ್ನು ತನ್ನ ತಲೆಗೆ ತಿಕ್ಕಿಯೇ ತಿಕ್ಕಿದ, ಉಪಯೋಗವಾಗಲಿಲ್ಲ.

“ನಾ ಬದುಕೇನಿ ಅನ್ನೂದು ಆಮ್ಯಾಲ. ಮೊದಲ ನೀ ಯಾರಂತ ಅದಕ್ಕ ತೋರಸು,” ಎಂದ ಅಜ್ಜಿ ಸೆರಗು ಸರಿಸಿ ತಲೆ ಬಾಗಿಸಿದಳು. “ತಗೋ ಯಪ್ಪಾ, ನನ್ನ ತಲಿಗೆ ತಿಕ್ಕು.”

ಅವನು ನಾಚುತ್ತಲೇ ತಿಕ್ಕಿದ. ಮಷಿನ್ ತೆರೆಯಿತು. ಅಜ್ಜಿಯ ಕೆಲಸವೂ ಆಯಿತು.

ಆಗಷ್ಟೇ ಬಾಗಿಲಿಗೆ ಬಂದು ಇದನ್ನೆಲ್ಲ ನೋಡಿದ ಮುದುಕನೊಬ್ಬ, ಸರ್ಕಾರದ ಹೊಸ ಪದ್ಧತಿಯೇ ಇರಬೇಕೆಂದುಕೊಂಡು, ರುಮಾಲು ಬಿಚ್ಚಿ ಕಂಕುಳಲ್ಲಿಟ್ಟು ಅವನೆದುರು ತಲೆ ಬಾಗಿಸಿ ನಿಂತ. ಅದೂ ಬೋಳು.