ಮಲಗಿದವರನ್ನು ಎಬ್ಬಿಸದ ಮನೆ

ನಾನು ಚಿಕ್ಕವಳಾಗಿದ್ದ ಆ ವರ್ಷಗಳಲ್ಲಿ ಭದ್ರಾವತಿಯ ನಮ್ಮ ಮನೆಗೆ ಕಾನೂನು ಅಂತ ಇದ್ದದ್ದು ಒಂದೇ: ಮಲಗಿದವರನ್ನು ಎಬ್ಬಿಸಬಾರದು. ಹಾಲು ಚೆಲ್ಲಿದರೆ ಒರೆಸಿದರೆ ಆಯಿತು, ಸುಳ್ಳು ಹೇಳಿದರೆ ನಾಲ್ಕು ಬೈಗುಳ ತಿಂದರೆ ಆಯಿತು. ಮಲಗಿದವರನ್ನು ಎಬ್ಬಿಸಿದರೆ ಮಾತ್ರ ಕ್ಷಮೆ ಇರಲಿಲ್ಲ. ಪಾಳಿಯಲ್ಲಿ ದುಡಿಯುವವರ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪ ಮಾಚೇನಹಳ್ಳಿಯ ಒಂದು ಎರಕದ ಕಾರ್ಖಾನೆಯಲ್ಲಿ ಮರಳಿನ ಅಚ್ಚು ಮಾಡುವ ಕೆಲಸದಲ್ಲಿದ್ದರು. ಒಂದು ವಾರ ಫಸ್ಟ್ ಶಿಫ್ಟ್, ಒಂದು ವಾರ ಸೆಕೆಂಡ್, ಒಂದು ವಾರ ನೈಟ್. ಅವರು ಮಲಗಿದ್ದಾಗ ಮನೆಯಲ್ಲಿ ಮಿಕ್ಸಿ ತಿರುಗುತ್ತಿರಲಿಲ್ಲ. ಟಿವಿಯಲ್ಲಿ ಜನ ಬರೀ ಬಾಯಿ ಆಡಿಸುತ್ತಿದ್ದರು. ಕುಕ್ಕರ್ ಸೀಟಿ ಹೊಡೆಯುವ ಸೂಚನೆ ಕಂಡರೆ ಸಾಕು, ಅಮ್ಮ ಎಲ್ಲಿದ್ದರೂ ಓಡಿ ಬಂದು ಒಲೆ ಆರಿಸುತ್ತಿದ್ದಳು. ಮಲಗುವ ಕೋಣೆಯ ಕಿಟಕಿಗೆ ಹಗಲಿಡೀ ಒಂದು ಹಳೆಯ ನೀಲಿ ಬೆಡ್‌ಶೀಟು ನೇತಾಡುತ್ತಿತ್ತು.

ಅಂಥ ಮನೆಗೆ ನಾನು ಒಬ್ಬಳೇ ಮಗಳು, ಅದೂ ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು. ಬಾಗಿಲು ಹಾಕಿದರೆ ದಢಾರ್ ಅನ್ನಬೇಕು, ಲೋಟ ಇಟ್ಟರೆ ಉರುಳಬೇಕು. ಶಾಲೆಯಲ್ಲಿ ಟೀಚರು ಲೆಕ್ಕ ಬರೆಸುವಾಗ ನಾನು ಕಿಟಕಿಯ ಸರಳು ಎಣಿಸುತ್ತಿದ್ದೆ. ಅದನ್ನೂ ಪೂರ್ತಿ ಎಣಿಸುತ್ತಿರಲಿಲ್ಲ ಎನ್ನುವುದೇ ನನ್ನ ಕಷ್ಟ. ಎಲ್ಲಕ್ಕಿಂತ ನೋವಾಗುತ್ತಿದ್ದದ್ದು ಚೌಕಾಬಾರದಲ್ಲಿ. ಎದುರು ಮನೆಯ ಸೆಲ್ವಿ ಆಂಟಿಯ ಜಗಲಿಯಲ್ಲಿ ಅವರ ಮಗಳು ಮೀನಾ ಸೀಮೆಸುಣ್ಣದಲ್ಲಿ ಮನೆ ಬರೆಯುತ್ತಿದ್ದಳು. ಬೀದಿಯ ಹುಡುಗಿಯರೆಲ್ಲ ಸುತ್ತ ಕೂರುತ್ತಿದ್ದೆವು. ನನಗೆ ನನ್ನ ಸರದಿ ಬರುವ ತನಕ ಕಾಯಲು ಆಗುತ್ತಿರಲಿಲ್ಲ. ಬೇರೆಯವರ ಕೈಯಿಂದ ಕವಡೆ ಕಿತ್ತುಕೊಂಡು ಹಾಕಿಬಿಡುತ್ತಿದ್ದೆ. ಒಂದು ದಿನ ಮೀನಾ ಸಮಾಧಾನವಾಗಿಯೇ ಹೇಳಿದಳು, "ರಶ್ಮಿ, ಇನ್ಮೇಲೆ ನೀನು ಆಟಕ್ಕಿಲ್ಲ." ಅವಳು ಜಗಳ ಆಡಿದ್ದರೆ ನಾನೂ ಆಡುತ್ತಿದ್ದೆ. ಸಮಾಧಾನವಾಗಿ ಹೇಳಿದ್ದರಿಂದ ಮನೆಗೆ ಬಂದು ನೀಲಿ ಬೆಡ್‌ಶೀಟಿನ ಹಿಂದೆ ಮುಖ ಇಟ್ಟು ಅತ್ತೆ.

ಐದನೇ ಕ್ಲಾಸಿಗೆ ಬಂದಾಗ ಅಮ್ಮ ನನ್ನನ್ನು ಶಿವಮೊಗ್ಗದಲ್ಲಿ ಮಕ್ಕಳ ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅಮ್ಮ ವಿದ್ಯಾನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು, ಆ ಡಾಕ್ಟರು ಅವಳಿಗೆ ಅಲ್ಲಿಂದಲೇ ಪರಿಚಯ. ಅವರು ನನ್ನನ್ನು ಆಡಿಸಿ, ಮಾತಾಡಿಸಿ, ಟೀಚರಿಂದ ಪತ್ರ ತರಿಸಿಕೊಂಡು, ಇದಕ್ಕೆ ಎಡಿಎಚ್‌ಡಿ ಅನ್ನುತ್ತಾರೆ, ಗಮನ ಒಂದು ಕಡೆ ನಿಲ್ಲುವುದಿಲ್ಲ, ಹುಡುಗಿಯ ಹಟ ಅಲ್ಲ, ನಿಮ್ಮ ತಪ್ಪೂ ಅಲ್ಲ ಎಂದರು. ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು, ಬೆಳಿಗ್ಗೆ ತಿಂಡಿ ಆದಮೇಲೆ. ಕೆಲವು ಮಕ್ಕಳಿಗೆ ಇದರಿಂದ ಹಸಿವು ಕಡಿಮೆಯಾಗಬಹುದು, ನಿದ್ದೆ ತಡವಾಗಬಹುದು, ಅದಕ್ಕೆ ಒಂದು ನೋಟ್‌ಬುಕ್ಕಿನಲ್ಲಿ ದಿನವೂ ಬರೆದಿಡಿ ಎಂದರು. ಆ ಕೆಲಸವನ್ನು ನಾನೇ ವಹಿಸಿಕೊಂಡೆ. ಸ್ಕೇಲು ಇಟ್ಟು ಕೆಂಪು ಪೆನ್ನಿನಲ್ಲಿ ನಾಲ್ಕು ಕಾಲಂ ಎಳೆದೆ: ಎದ್ದದ್ದು, ತಿಂಡಿ, ಮಾತ್ರೆ, ನಿದ್ದೆ. ನಿದ್ದೆ ಬಂದ ಗಂಟೆಯನ್ನು ನಿದ್ದೆ ಬಂದವಳು ಹೇಗೆ ಬರೆಯಬೇಕು ಎಂದು ಕೇಳಿದ್ದಕ್ಕೆ ಡಾಕ್ಟರು ನಕ್ಕು, ಕೊನೆಗೆ ಗಡಿಯಾರ ನೋಡಿದಾಗ ಎಷ್ಟಾಗಿತ್ತೋ ಅದನ್ನೇ ಬರಿ ಎಂದಿದ್ದರು.

ಅಪ್ಪನಿಗೆ ಇದೆಲ್ಲ ಹಿಡಿಸಿರಲಿಲ್ಲ. ಹುಡುಗಿ ಚುರುಕಾಗಿದ್ದಾಳೆ, ಚುರುಕಿಗೂ ಮಾತ್ರೆ ಕೊಡುವ ಕಾಲ ಬಂತಾ ಎಂದು ಅಮ್ಮನ ಹತ್ತಿರ ಗೊಣಗಿದ್ದರು. ಆಮೇಲೆ ಒಂದು ಸಂಜೆ ಅವರು ಫಸ್ಟ್ ಶಿಫ್ಟ್ ಮುಗಿಸಿ ಮಲಗೆದ್ದು ಹೊರಗೆ ಬಂದಾಗ ನಾನು ಎದುರು ಜಗಲಿಯಲ್ಲಿ ಕೂತಿದ್ದೆ. ಮೀನಾ ನನ್ನನ್ನು ಮತ್ತೆ ಆಟಕ್ಕೆ ಸೇರಿಸಿಕೊಂಡಿದ್ದಳು. ನಾಲ್ಕು ಜನರ ಆಟ. ಮೂವರು ಹಾಕುವ ತನಕ ನಾನು ಕೈಯನ್ನು ಮಂಡಿಯ ಮೇಲಿಟ್ಟುಕೊಂಡು ಸುಮ್ಮನೆ ನೋಡುತ್ತಿದ್ದೆ. ಅಪ್ಪ ಗೇಟು ಹಿಡಿದುಕೊಂಡು ಪೂರ್ತಿ ಒಂದು ಆಟ ಮುಗಿಯುವವರೆಗೂ ನಿಂತಿದ್ದರು. ಮರುದಿನದಿಂದ ಅವರು ಮನೆಯಲ್ಲಿದ್ದ ಬೆಳಿಗ್ಗೆಯೆಲ್ಲ ಮಾತ್ರೆ ಕೊಡುವ ಕೆಲಸ ಅವರದೇ ಆಯಿತು. ಅಂಗೈ ಮೇಲೆ ಇಟ್ಟು ಕೊಡುತ್ತಿದ್ದರು. ಎಷ್ಟು ಸೋಪು ಹಾಕಿ ತೊಳೆದರೂ ಆ ಅಂಗೈಗೆ ಸುಟ್ಟ ಮರಳಿನ ವಾಸನೆ ಇರುತ್ತಿತ್ತು.

ಶಾಲೆ ಇದ್ದಷ್ಟು ದಿನ ತೊಂದರೆ ಇರಲಿಲ್ಲ. ಎಂಟೂವರೆಗೆ ವ್ಯಾನು ಬರುತ್ತಿತ್ತು, ಹಾಗಾಗಿ ಏಳಕ್ಕೆ ನಾನಾಗಿಯೇ ಎದ್ದುಬಿಡುತ್ತಿದ್ದೆ, ಏಳೂವರೆಗೆ ಮಾತ್ರೆ. ರಾತ್ರಿ ಹತ್ತು, ಹೆಚ್ಚೆಂದರೆ ಹತ್ತೂವರೆಗೆ ನಿದ್ದೆ. ದಸರಾ ರಜೆ ಬಂತು ನೋಡಿ, ಎಲ್ಲ ತಲೆಕೆಳಗಾಯಿತು.

ಅಪ್ಪನ ಜೊತೆ ಕೆಲಸ ಮಾಡುವವರೊಬ್ಬರು ತಂಗಿಯ ಮದುವೆಗೆ ರಜೆ ಹಾಕಿದ್ದರಿಂದ ಅಪ್ಪನಿಗೆ ಸಾಲಾಗಿ ಮೂರು ವಾರ ಸೆಕೆಂಡ್ ಶಿಫ್ಟ್ ಬಿತ್ತು. ಮಧ್ಯಾಹ್ನ ಎರಡಕ್ಕೆ ಒಳಗೆ ಹೋದರೆ ರಾತ್ರಿ ಹತ್ತಕ್ಕೆ ಹೊರಗೆ. ಮನೆ ಸೇರಿ, ಸ್ನಾನ ಮಾಡಿ, ಉಂಡು ಮಲಗುವಾಗ ಒಂದು ಗಂಟೆ. ಅಮ್ಮ ಬೆಳಗಿನ ಏಳರ ಬಸ್ಸಿಗೆ ಶಿವಮೊಗ್ಗಕ್ಕೆ ಹೊರಡುತ್ತಿದ್ದಳು. ನಾವಿಬ್ಬರೂ ಮಲಗಿರುತ್ತಿದ್ದೆವು, ಅಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ಬಾಗಿಲು ದಾಟುತ್ತಿದ್ದಳು. ಅಪ್ಪ ಒಂಬತ್ತಕ್ಕೆ ಎದ್ದರೂ ನನ್ನನ್ನು ಎಬ್ಬಿಸುತ್ತಿರಲಿಲ್ಲ. ಕಾನೂನು ಅಂದರೆ ಕಾನೂನು. ನಾನು ಹತ್ತಕ್ಕೆ ಎದ್ದು, ಉಪ್ಪಿಟ್ಟು ತಿಂದು, ಮಾತ್ರೆ ನುಂಗುವಾಗ ಹತ್ತೂವರೆ. ಆ ರಾತ್ರಿ ನಿದ್ದೆ ಹನ್ನೆರಡಕ್ಕೆ. ಪಾಪ, ರಾತ್ರಿ ಮಗುವಿಗೆ ನಿದ್ದೆ ಇಲ್ಲ ಎಂದು ಅಪ್ಪ ಮರುದಿನ ಇನ್ನೂ ಸ್ವಲ್ಪ ಮಲಗಲು ಬಿಟ್ಟರು. ಮಾತ್ರೆ ಹನ್ನೊಂದಕ್ಕೆ ಹೋಯಿತು, ನಿದ್ದೆ ಒಂದಕ್ಕೆ ಹೋಯಿತು. ವಾರ ಕಳೆಯುವಷ್ಟರಲ್ಲಿ ನಾನು ಎರಡು ಗಂಟೆಗೂ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದೆ.

ಹಾಗಂತ ಅಪ್ಪ ಸುಮ್ಮನಿರಲಿಲ್ಲ. ಹಗಲಲ್ಲಿ ಮಲಗಲು ಕಲಿತವನಿಗೆ ಮಗಳನ್ನು ರಾತ್ರಿ ಮಲಗಿಸುವುದು ಯಾವ ಮಹಾ ಕೆಲಸ ಎಂದು ಅವರ ಧೈರ್ಯ. ಪಾದಕ್ಕೆ ತಣ್ಣೀರು ಹಾಕಿಸಿದರು, ನೆತ್ತಿಗೆ ಕೊಬ್ಬರಿ ಎಣ್ಣೆ ತಟ್ಟಿದರು, ಬೀದಿ ದೀಪದ ಬೆಳಕು ಬಾರದ ಹಾಗೆ ನೀಲಿ ಬೆಡ್‌ಶೀಟಿನ ಅಂಚಿಗೆ ಮೊಳೆ ಹೊಡೆದರು. ಪಕ್ಕದಲ್ಲಿ ಮಲಗಿ ಕಥೆ ಹೇಳುತ್ತಿದ್ದರು. ಶಿವಮೊಗ್ಗದಾಚೆ ತ್ಯಾವರೆಕೊಪ್ಪದ ಸಫಾರಿಯಿಂದ ಹುಲಿಯೊಂದು ಬಸ್ಸು ಹತ್ತಿ ಭದ್ರಾವತಿಗೆ ಬರುವ ಕಥೆ. ಹುಲಿ ಮಾಚೇನಹಳ್ಳಿ ದಾಟುವ ಮೊದಲೇ ಅಪ್ಪ ಗೊರಕೆ ಹೊಡೆಯುತ್ತಿದ್ದರು. ಕಥೆ ಎಲ್ಲಿಗೆ ಬಂತೋ ಅಲ್ಲೇ ನಿಂತಿದ್ದರೂ ನಾನು ಅವರನ್ನು ಎಬ್ಬಿಸುತ್ತಿರಲಿಲ್ಲ.

ಆಯುಧಪೂಜೆಯ ದಿನ ಕಾರ್ಖಾನೆಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಪೂಜೆ. ವರ್ಷವಿಡೀ ಅಬ್ಬರಿಸುವ ಯಂತ್ರಗಳಿಗೆ ಅಂದು ಚೆಂಡುಹೂವಿನ ಹಾರ, ನೆಲಕ್ಕೆ ಬೂದುಗುಂಬಳಕಾಯಿ, ಮಕ್ಕಳ ಕೈಗೆ ಕಡ್ಲೆಪುರಿ ಮತ್ತು ಒಂದು ಲಾಡು. ನನಗೆ ವರ್ಷದಲ್ಲಿ ಅತ್ಯಂತ ಇಷ್ಟದ ದಿನ ಅದು, ಯಾರೂ ಎಬ್ಬಿಸದೆಯೇ ಎದ್ದು ಹೊರಟಿದ್ದೆ. ಆ ಸಲ ಮಂಗಳಾರತಿಯ ಗಂಟೆ ಬಾರಿಸುತ್ತಿದ್ದಾಗ ನಾನು ಪುರಿ ಮೂಟೆಗೆ ಒರಗಿ ನಿದ್ದೆ ಹೋಗಿದ್ದೆನಂತೆ. ಅಮ್ಮ ಎತ್ತಿಕೊಂಡಾಗಲೂ ಎಚ್ಚರವಾಗಲಿಲ್ಲವಂತೆ. ಮನೆಗೆ ಬಂದ ಮೇಲೆ ಅಮ್ಮ ಅಪ್ಪನಿಗೆ ಹೇಳಿದ್ದು ಮಾತ್ರ ನನಗೆ ಚೆನ್ನಾಗಿ ಕೇಳಿಸಿತು.

"ಕಣ್ಣು ನೋಡ್ರೀ ಮಗೂದು, ಹೇಗೆ ಒಳಗೆ ಹೋಗಿದೆ. ಬುಧವಾರ ಡಾಕ್ಟ್ರ ಹತ್ರ ಹೋದಾಗ ಈ ಮಾತ್ರೆ ನಿಲ್ಲಿಸಿ ಅಂತ ಹೇಳಿಬಿಡ್ತೀನಿ. ನಮಗೆ ಮಗು ಬೇಕು, ಮಾರ್ಕ್ಸ್ ಬೇಡ."

ನನಗೆ ಮಾರ್ಕ್ಸು ನೆನಪಿಗೂ ಬರಲಿಲ್ಲ. ಮೀನಾ ಸಮಾಧಾನವಾಗಿ 'ನೀನು ಆಟಕ್ಕಿಲ್ಲ' ಅನ್ನುವುದು ಕಿವಿಯಲ್ಲಿ ಕೇಳಿಸಿತು. ಮಾತ್ರೆ ಹೋದರೆ ಜಗಲಿ ಹೋಯಿತು.

ಮಂಗಳವಾರ ಸಂಜೆ ನೋಟ್‌ಬುಕ್ ತೆಗೆದು ಕೂತೆ. ಕಾಲಂ ಎಳೆದವಳು ನಾನು, ತುಂಬಿದವಳು ನಾನು, ಆದರೂ ಮೇಲಿಂದ ಕೆಳಗೆ ಓದಿದ್ದು ಅದೇ ಮೊದಲು. ಮಾತ್ರೆ ಏಳೂವರೆ ಇದ್ದ ಪುಟಗಳಲ್ಲಿ ನಿದ್ದೆ ಹತ್ತು. ಮಾತ್ರೆ ಹನ್ನೊಂದು ಇದ್ದ ಪುಟದಲ್ಲಿ ನಿದ್ದೆ ಒಂದು, ಒಂದೂವರೆ, ಎರಡು. ಹತ್ತು ವರ್ಷದವಳಿಗೂ ತಿಳಿಯುವಂತಿತ್ತು. ಕೂಡಲೇ ಓಡಿ ಹೋಗಿ ಅಮ್ಮನಿಗೆ ತೋರಿಸಬೇಕಿತ್ತು. ಆದರೆ ಅಮ್ಮನ ಸಿಟ್ಟು ನನಗೆ ಗೊತ್ತು. ಮಾತ್ರೆ ಕೊಟ್ಟದ್ದು ಅಪ್ಪ. ಒಲ್ಲೆ ಒಲ್ಲೆ ಎನ್ನುತ್ತಲೇ ಒಪ್ಪಿಕೊಂಡು, ಅಂಗೈ ಮೇಲಿಟ್ಟು ಕೊಡುತ್ತಿದ್ದ ಅಪ್ಪ. ಹೊತ್ತಿಗೆ ಸರಿಯಾಗಿ ನುಂಗಿದ್ದೇನೆ ಎಂದು ಕಂಡರೆ ಅಪ್ಪನೂ ಉಳಿಯುತ್ತಾರೆ, ಮಾತ್ರೆಯೂ ಉಳಿಯುತ್ತದೆ ಎಂದುಕೊಂಡು ನಾನು ರಬ್ಬರ್ ತೆಗೆದುಕೊಂಡೆ. ಕಾಲಂ ಪೆನ್ನಿನದಾದರೂ ಗಂಟೆಗಳನ್ನು ಪೆನ್ಸಿಲಿನಲ್ಲಿ ಬರೆದಿದ್ದೆ. ಎದ್ದ ಗಂಟೆಗಳನ್ನು ಏಳು ಮಾಡಿ, ಮಾತ್ರೆಯ ಒಂದೊಂದೇ ಹನ್ನೊಂದನ್ನು ಉಜ್ಜಿ ಏಳೂವರೆ ಮಾಡಿದೆ. ಒಂದು ಕಡೆ ಕಾಗದ ತೂತಾಯಿತು. ಜೀವನದಲ್ಲಿ ಅಷ್ಟು ಹೊತ್ತು ಅಷ್ಟು ಗಮನವಿಟ್ಟು ನಾನು ಮಾಡಿದ ಮೊದಲ ಕೆಲಸ ಅದು.

ಬುಧವಾರ ಅಪ್ಪ ಅರ್ಧ ದಿನ ರಜೆ ಹಾಕಿ ಜೊತೆಗೆ ಬಂದರು. ಡಾಕ್ಟರು ಅಮ್ಮ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ನೋಟ್‌ಬುಕ್ ತಿರುವಿದರು. ಅವರ ಮುಖ ಗಂಭೀರವಾಯಿತು. ಬೆಳಿಗ್ಗೆ ಏಳೂವರೆಗೇ ಕೊಟ್ಟೂ ಎರಡರವರೆಗೆ ನಿದ್ದೆ ಬರದಿದ್ದರೆ ಈ ಮಾತ್ರೆ ಇವಳಿಗೆ ಒಗ್ಗುತ್ತಿಲ್ಲ ಅಂತಲೇ ಅರ್ಥ, ಸದ್ಯಕ್ಕೆ ನಿಲ್ಲಿಸಿ ನೋಡೋಣ ಎಂದರು. ಅಮ್ಮ ತಲೆಯಾಡಿಸಿದಳು. ನಾನು ನೆಲ ನೋಡುತ್ತಿದ್ದೆ. ಬಾಯಿ ಬಿಟ್ಟರೆ ಅಪ್ಪ ಸಿಕ್ಕಿಬೀಳುತ್ತಾರೆ, ಬಿಡದಿದ್ದರೆ ಮಾತ್ರೆ ಹೋಗುತ್ತದೆ.

ಅಪ್ಪ ಕೈಚಾಚಿ ನೋಟ್‌ಬುಕ್ ಈಸಿಕೊಂಡರು. ಅಲ್ಲಿಯವರೆಗೆ ಅವರು ಅದನ್ನು ತೆರೆದು ನೋಡಿರಲಿಲ್ಲ. ಹೆಬ್ಬೆರಳಿನಿಂದ ನಾನು ಉಜ್ಜಿ ಕಪ್ಪಗಾದ ಪುಟವನ್ನು ಮುಟ್ಟಿದರು, ತೂತನ್ನು ನೋಡಿದರು, ನನ್ನನ್ನು ನೋಡಿದರು.

"ಡಾಕ್ಟ್ರೇ, ಇದು ಏಳೂವರೆ ಅಲ್ಲ, ಹನ್ನೊಂದು. ಮಲಗಿರ್ತಾಳಲ್ಲ ಅಂತ ನಾನೇ ಎಬ್ಬಿಸ್ತಿರಲಿಲ್ಲ. ತಪ್ಪು ನಂದು, ಮಗು ನನ್ನ ಉಳಿಸೋಕೆ ಅಳಿಸಿ ಬರ್ದಿದೆ."

ಅಮ್ಮ ಅಪ್ಪನ ಕಡೆ ತಿರುಗಿದಳು. ಡಾಕ್ಟರು ಕುರ್ಚಿಗೆ ಒರಗಿ ನಿಟ್ಟುಸಿರು ಬಿಟ್ಟರು. ಬೈಯಲಿಲ್ಲ. ಮಾತ್ರೆಯ ಕೆಲಸ ಇಂತಿಷ್ಟು ಗಂಟೆ ನಡೆಯುತ್ತದೆ, ತಡವಾಗಿ ಶುರುವಾದರೆ ತಡವಾಗಿಯೇ ಮುಗಿಯುತ್ತದೆ ಎಂದು ಬಿಡಿಸಿ ಹೇಳಿದರು. ರಾತ್ರಿ ಎಷ್ಟು ಹೊತ್ತಿಗೇ ಮಲಗಿರಲಿ, ಬೆಳಿಗ್ಗೆ ಏಳಕ್ಕೆ ಎಬ್ಬಿಸಲೇಬೇಕು, ರಜೆಯಿರಲಿ ಭಾನುವಾರವಿರಲಿ. ತಿಂದ ಕೂಡಲೇ ಮಾತ್ರೆ. ಸಂಜೆ ಹೊರಗೆ ಓಡಾಡಿ ಆಡಬೇಕು, ಮಲಗುವ ಒಂದು ಗಂಟೆ ಮೊದಲೇ ಟಿವಿ ಬಂದ್. ಮಧ್ಯಾಹ್ನದ ಮೇಲೆ ಕಾಫಿ ಕುಡಿಯುತ್ತಾಳಾ ಎಂದು ಕೇಳಿದರು. ಸೆಲ್ವಿ ಆಂಟಿ ನಾಲ್ಕು ಗಂಟೆಗೆ ಡಬರಾದಲ್ಲಿ ಕೊಡುತ್ತಿದ್ದ ಫಿಲ್ಟರ್ ಕಾಫಿಯನ್ನು ನಾನು ಯಾವ ಕಾಲಮ್ಮಿಗೂ ಹಾಕಿರಲಿಲ್ಲ. ಅಪ್ಪನೇ ಒಪ್ಪಿಕೊಂಡ ಮೇಲೆ ನನ್ನದೇನು, ನಾನೂ ಒಪ್ಪಿಕೊಂಡೆ. ಎಣ್ಣೆ, ಕತ್ತಲು, ಕಥೆ ಎಲ್ಲ ಸರಿಯಾಗಿದೆ, ಮುಂದುವರಿಸಿ ಎಂದು ಅಪ್ಪನಿಗೆ ಹೇಳಿದರು. ಎರಡು ವಾರ ಬಿಟ್ಟು ಬನ್ನಿ, ಆಗಲೂ ನಿದ್ದೆ ಬರದಿದ್ದರೆ ಮಾತ್ರೆ ಬದಲಾಯಿಸುವ ವಿಚಾರ ಮಾಡೋಣ, ಅಲ್ಲಿಯವರೆಗೆ ನೀವಾಗಿ ನಿಲ್ಲಿಸಬೇಡಿ ಎಂದರು.

ಬಸ್ಸಿನಲ್ಲಿ ಅಮ್ಮ ಮಾಚೇನಹಳ್ಳಿಯವರೆಗೂ ಅಪ್ಪನನ್ನು ಬೈದಳು. ಆಮೇಲೆ, ತಾನೂ ಒಂದು ದಿನವಾದರೂ ಕೇಳಬಹುದಿತ್ತು ಎಂದು ತನ್ನನ್ನೇ ಬೈದುಕೊಂಡಳು. ಅಪ್ಪ ನನ್ನ ಕಿವಿಯ ಹತ್ತಿರ ಬಾಗಿ, "ಇನ್ನೊಂದ್ಸಲ ನನಗೋಸ್ಕರ ರಬ್ಬರ್ ಹಿಡೀಬೇಡ ಮಾರಾಯ್ತಿ," ಎಂದರು.

ಮರುದಿನ ಬೆಳಿಗ್ಗೆ ಏಳಕ್ಕೆ ನನ್ನ ಮುಖದ ಮೇಲೆ ಬೆಳಕು ಬಿತ್ತು. ಅಪ್ಪ ಬೆಡ್‌ಶೀಟು ಸರಿಸಿ ನಿಂತಿದ್ದರು, ಕೆಂಪು ಕಣ್ಣು, ಕೆದರಿದ ಕೂದಲು. "ಏಳೇ," ಎಂದರು. ನಮ್ಮ ಮನೆಯಲ್ಲಿ ಮಲಗಿದವರನ್ನು ಎಬ್ಬಿಸಿದ್ದು ನನಗೆ ತಿಳಿದಂತೆ ಅದೇ ಮೊದಲು. ನಾನು ಅತ್ತೆ, ಒದ್ದೆ, ದಿಂಬು ಎಸೆದೆ. ಅಪ್ಪ ಜಗ್ಗಲಿಲ್ಲ. ಮೂರು ದಿನ ಇಬ್ಬರಿಗೂ ನರಕ. ಐದನೇ ದಿನ ಹನ್ನೊಂದಕ್ಕೆ ನಿದ್ದೆ ಬಂತು, ಎರಡನೇ ವಾರ ಹತ್ತಕ್ಕೆ. ಪಾಳಿ ಬದಲಾಗಿ ಅಪ್ಪ ರಾತ್ರಿ ಮನೆಯಲ್ಲಿದ್ದು ಕಥೆ ಶುರು ಮಾಡಿದರೆ, ತ್ಯಾವರೆಕೊಪ್ಪದ ಹುಲಿ ಬಸ್ಸು ಹತ್ತುವ ಮೊದಲೇ ನಾನು ಮಲಗಿಬಿಡುತ್ತಿದ್ದೆ. ಆ ಕಥೆಯ ಕೊನೆ ನನಗೆ ಇವತ್ತಿಗೂ ಗೊತ್ತಿಲ್ಲ. ದೀಪಾವಳಿಗೆ ಮುಂಚೆ ಚೌಕಾಬಾರದಲ್ಲಿ ಮೀನಾಳ ನಾಲ್ಕೂ ಕಾಯಿ ಹೊಡೆದು ಗೆದ್ದೆ.

ಈಗ ನಾನೂ ಅಮ್ಮನ ಹಾಗೆ ಬೆಳಗಿನ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಹೋಗುತ್ತೇನೆ, ಒಂದು ಶಾಲೆಯಲ್ಲಿ ಮಕ್ಕಳಿಗೆ ಡ್ರಾಯಿಂಗ್ ಕಲಿಸುತ್ತೇನೆ. ಮಾತ್ರೆ ಈಗಲೂ ಇದೆ, ಹೇಳಿಕೊಳ್ಳಲು ನನಗೆ ಯಾವ ನಾಚಿಕೆಯೂ ಇಲ್ಲ. ಎಬ್ಬಿಸಲು ಮೊಬೈಲಿದೆ. ಅದು ತಪ್ಪದೆ ಹೊಡೆದುಕೊಳ್ಳುತ್ತದೆ, ಆದರೆ ಅದಕ್ಕೆ ಸುಟ್ಟ ಮರಳಿನ ವಾಸನೆ ಇಲ್ಲ. ಸೆಲ್ವಿ ಆಂಟಿಯ ಜಗಲಿಗೆ ಗ್ರಿಲ್ ಬಂದಿದೆ, ಸೀಮೆಸುಣ್ಣದ ಮನೆ ಬರೆಯುವವರು ಯಾರೂ ಇಲ್ಲ.

ಹೋದ ತಿಂಗಳು ಕಪಾಟು ತೆಗೆಯುವಾಗ ಆ ನೋಟ್‌ಬುಕ್ ಸಿಕ್ಕಿತು. ಡಾಕ್ಟರ ಭೇಟಿಯ ನಂತರವೂ ಅದೇ ನಾಲ್ಕು ಕಾಲಂ, ತಿಂಡಿ ಮಾತ್ರ ದಿನಕ್ಕೊಂದು. ಏಳು, ಏಳೂವರೆ, ಹತ್ತು. ಪುಟದಿಂದ ಪುಟಕ್ಕೆ ಏಳು, ಏಳೂವರೆ, ಹತ್ತು. ಹೈಸ್ಕೂಲು ಮುಗಿಯುವ ತನಕ ಪ್ರತಿ ಸೆಕೆಂಡ್ ಶಿಫ್ಟಿನ ವಾರವೂ ಅಪ್ಪ ಒಂದಕ್ಕೆ ಮಲಗಿ ಏಳಕ್ಕೆ ಮೊದಲೇ ಎದ್ದಿದ್ದಾರೆ. ಅದಕ್ಕೆ ನಾನು ಕಾಲಂ ಎಳೆದಿರಲಿಲ್ಲ. ನನಗೆ ನಿದ್ದೆ ಬಂತು, ನನ್ನ ಬಾಲ್ಯ ಸರಿಹೋಯಿತು ಎಂದು ಇಷ್ಟು ವರ್ಷ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದೇನೆ. ಕಳೆದುಹೋದದ್ದು ಅಪ್ಪನ ನಿದ್ದೆ. ಕೆಲಸ ಬಿಟ್ಟು ಎರಡು ವರ್ಷವಾಯಿತು, ಈಗ ಇಡೀ ರಾತ್ರಿ ಅವರದೇ. ಆದರೂ ಮಲಗಲು ಆಗುವುದಿಲ್ಲ, ರಾತ್ರಿಯೆಲ್ಲ ಹೊರಳಾಡುತ್ತಾರೆ.

ನೋಟ್‌ಬುಕ್ ಹಿಡಿದುಕೊಂಡು ತೋರಿಸಲು ಹೊರಗೆ ಬಂದೆ. ಭಾನುವಾರದ ಮಧ್ಯಾಹ್ನ. ಅಪ್ಪ ಕುರ್ಚಿಯಲ್ಲೇ ತಲೆ ವಾಲಿಸಿ ನಿದ್ದೆ ಹೋಗಿದ್ದರು, ಬಾಯಿ ಸ್ವಲ್ಪ ತೆರೆದಿತ್ತು. ಒಳಗೆ ಕುಕ್ಕರ್ ಬುಸುಗುಟ್ಟಲು ಶುರುವಾಯಿತು. ನಾನು ನೋಟ್‌ಬುಕ್ ಅಲ್ಲೇ ಬಿಟ್ಟು, ಸದ್ದಾಗದ ಹಾಗೆ ಓಡಿ ಹೋಗಿ ಒಲೆ ಆರಿಸಿದೆ.