ಮಗಳಿಗಿಂತ ಮೊದಲು ನನಗೆ ಬಾಣಂತನ

ಬಾಣಂತನದ ಮನೆಗೆ ಮೊದಲು ಬೇಕಾದದ್ದು ತಾಮ್ರದ ಹಂಡೆ. ನಮ್ಮದು ಅಟ್ಟದ ಮೂಲೆಯಲ್ಲಿ, ಹುಣಸೆಹಣ್ಣಿನ ಮಡಕೆಗಳ ಹಿಂದೆ ಕುಳಿತಿತ್ತು. ಮಗ್ಗೆ ಊರಿಗೆ ಕೊಟ್ಟ ಮಗಳು ಸಾವಿತ್ರಿ ಚೊಚ್ಚಲ ಹೆರಿಗೆಗೆ ಹಾನುಬಾಳಿನ ನಮ್ಮ ಮನೆಗೆ ಬರುವವಳಿದ್ದಳು. ನಮ್ಮ ಕಡೆಗೆ ಮೊಬೈಲು ಬರುವ ಮುಂಚಿನ ಮಾತು. ಗಂಡಸರು ತೋಟದಿಂದ ಬರಲಿ ಎಂದು ಕಾಯುವ ತಾಳ್ಮೆ ನನ್ನ ಜಾತಕದಲ್ಲೇ ಇಲ್ಲವಾದ್ದರಿಂದ ನಾನೇ ಏಣಿ ಹತ್ತಿ ಹಂಡೆಯನ್ನು ಎಳೆದೆ. ಹಂಡೆ ಅಟ್ಟದಲ್ಲೇ ಉಳಿಯಿತು, ಕೆಳಗೆ ಬಂದವಳು ನಾನೊಬ್ಬಳೇ.

ತಲೆ ಹೊಸ್ತಿಲಿಗೆ ಬಡಿಯಿತು. ಹಾಸನದಲ್ಲಿ ಸ್ಕ್ಯಾನ್ ಮಾಡಿ, ರಕ್ತ ಕಟ್ಟಿಲ್ಲ, ಮಿದುಳಿಗೆ ಪೆಟ್ಟಿನ ಅದುರು ತಗುಲಿದೆ ಅಷ್ಟೆ, ಕೆಲವು ದಿನ ಸುಧಾರಿಸಿಕೊಳ್ಳಿ ಎಂದು ಕಳಿಸಿದರು. ವಾರಗಳು ಕಳೆದರೂ ಬಗ್ಗಿದರೆ ನೆಲ ಮೇಲೇಳುತ್ತಿತ್ತು, ತಟ್ಟನೆ ತಿರುಗಿದರೆ ಗೋಡೆ ನನಗಿಂತ ತುಸು ತಡವಾಗಿ ಬಂದು ನಿಲ್ಲುತ್ತಿತ್ತು, ಅಕ್ಕಿ ಆರಿಸಲು ಕೂತರೆ ಕಾಳುಗಳು ಎರಡೆರಡಾಗಿ ಕಾಣುತ್ತಿದ್ದವು. ನಮ್ಮತ್ತೆಯವರಲ್ಲಿ ಎಲ್ಲಕ್ಕೂ ಒಂದೇ ಉತ್ತರ.

"ಪಿತ್ತ ನೆತ್ತಿಗೇರೈತೆ ಕಣೆ. ಎದ್ದೀಯ ಮತ್ತೆ!"

ಮಗಳಿಗೆಂದು ಅಣಿಮಾಡಿದ್ದ ಬಾಣಂತಿ ಕೋಣೆಯಲ್ಲಿ ನನ್ನನ್ನೇ ಮಲಗಿಸಿ, ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಬಿಗಿದು, ಕಿಟಕಿ ಮುಚ್ಚಿ, ಕಷಾಯ ಕುಡಿಸಿದರು. ಹೆರುವವಳು ಇನ್ನೂ ಬಂದಿಲ್ಲ, ಅವಳ ತಾಯಿಗೆ ಬಾಣಂತನ! ನಗು ಬರುತ್ತಿತ್ತು, ನಿಜ. ಆದರೆ ಆ ಕತ್ತಲಲ್ಲಿ ನಾನು ಹೆದರಿಯೂ ಇದ್ದೆ. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರೆರೆಯುವುದು ಅಜ್ಜಿಯಾದವಳ ಹಕ್ಕು. ಬಗ್ಗಿದರೆ ಮುಗ್ಗರಿಸುವವಳ ಕಾಲ ಮೇಲೆ ಯಾರು ತಾನೆ ಹಸುಗೂಸನ್ನು ಇಟ್ಟಾರು?

ಮಲಗಿದಷ್ಟೂ ತಲೆಸುತ್ತು ಬಲಿಯಿತು. ಯಜಮಾನರು ಮತ್ತೆ ಹಾಸನಕ್ಕೆ, ಈ ಸಲ ಕಿವಿ ಡಾಕ್ಟರ ಬಳಿ ಕರೆದೊಯ್ದರು. ಡಾಕ್ಟರು ತಮ್ಮಲ್ಲಿದ್ದ ಫಿಸಿಯೋಥೆರಪಿಸ್ಟ್ ಹುಡುಗಿಗೆ ನನ್ನನ್ನು ಒಪ್ಪಿಸಿದರು. ಅವಳು ಬೆರಳು ಆಡಿಸಿ, ತಲೆ ಅಲುಗಿಸದೆ ಕಣ್ಣಲ್ಲೇ ಹಿಂಬಾಲಿಸಿ ಎಂದಳು; ಪೆನ್ನನ್ನು ಮೂಗಿನತ್ತ ತರುತ್ತ ಎಲ್ಲಿ ಎರಡಾಗುತ್ತದೆ ಎಂದು ಕೇಳಿದಳು; ಒಂದು ಪಾದದ ಮುಂದೆ ಇನ್ನೊಂದನ್ನು ತಾಗಿಸಿ ಗೆರೆಯ ಮೇಲೆ ನಡೆಸಿದಳು. ಕಣ್ಣು ಮುಚ್ಚಿಸಿ ನಿಲ್ಲಿಸಿದಾಗ ನಾನು ಅವಳ ಮೇಲೆಯೇ ವಾಲಿದೆ.

"ಮಲಗಿದ್ದು ಸಾಕಮ್ಮ. ನಿಮ್ಮ ಕಣ್ಣು, ಕಿವಿ ಒಂದಕ್ಕೊಂದು ಹೊಂದಿಕೊಂಡು ಕೆಲಸ ಮಾಡ್ತಿಲ್ಲ. ದಿನಾ ಅಭ್ಯಾಸ ಮಾಡಿಸಿದ್ರೆ ಕಲೀತವೆ. ಯಾವ ಕೆಲಸ ಮಾಡ್ಲೇಬೇಕು ನಿಮಗೆ?"

"ಮಗೀಗೆ ಎರೀಬೇಕು ಕಣವ್ವ," ಎಂದೆ.

ನೋಡಿ, ಇಷ್ಟು ವರ್ಷ ನೆಟ್ಟಗೆ ನಿಂತದ್ದು ನನ್ನದೇ ಸಾಮರ್ಥ್ಯವೆಂದುಕೊಂಡಿದ್ದೆ. ಕಿವಿ ಇರುವುದು ಊರ ಸುದ್ದಿ ಕೇಳುವುದಕ್ಕೆಂದೇ ನಂಬಿದವಳಿಗೆ, ಅದರೊಳಗೆ ನನ್ನನ್ನು ನಿಲ್ಲಿಸಿ ಹಿಡಿಯುವ ಏರ್ಪಾಡೊಂದಿದೆ, ಅದು ಕಣ್ಣು ಮತ್ತು ಅಂಗಾಲಿನೊಡನೆ ಸದಾ ಮಾತಾಡಿಕೊಂಡಿರುತ್ತದೆ ಎಂದು ಹೇಗೆ ಗೊತ್ತಾಗಬೇಕು? ಅತ್ತೆ ಸೊಸೆ ಮಾತು ಬಿಟ್ಟ ಮನೆಯ ತೊಲೆ ಕಂಬ ಗಟ್ಟಿಯಾಗಿಯೇ ಇರುತ್ತವೆ; ಸ್ಕ್ಯಾನಿಗೆ ಕಂಡದ್ದೂ ತೊಲೆ ಕಂಬವಷ್ಟೆ, ಒಳಗೆ ಮಾತು ನಿಂತದ್ದಲ್ಲ.

ಅಂದಿನಿಂದ ಚಾಚಿದ ಹೆಬ್ಬೆರಳ ಉಗುರಿನ ಮೇಲೆ ದೃಷ್ಟಿ ನೆಟ್ಟು ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿದೆ, ಮಡಿಸಿದ ಕಂಬಳಿಯ ಮೇಲೆ ಕಣ್ಣು ಮುಚ್ಚಿ ನಿಂತೆ. ಮೊದಮೊದಲು ವಾಕರಿಕೆ ಬರುತ್ತಿತ್ತು. ಕೂತು, ಅದು ಇಳಿದ ಮೇಲೆ ಮತ್ತೆ ಮಾಡುತ್ತಿದ್ದೆ. ಆಮೇಲೆ ಆ ಹುಡುಗಿ ಹೇಳಿಕೊಟ್ಟಂತೆ ಬಚ್ಚಲಲ್ಲಿ ಕಾಲು ಚಾಚಿ, ನಾಮಕರಣದಲ್ಲಿ ತೊಟ್ಟಿಲಿಗೆ ಹಾಕುವ ಗುಂಡುಕಲ್ಲನ್ನೇ ಮಲಗಿಸಿಕೊಂಡು, ಚೊಂಬಿನತ್ತ ತಿರುಗಿ, ಕಲ್ಲಿನತ್ತ ಬಗ್ಗಿ, ನಿಧಾನವಾಗಿ ಎರೆದೆ. ಅತ್ತೆ ಬಾಗಿಲಲ್ಲಿ ನಿಂತು, "ಕಲ್ಲಿಗೆ ಶೀತ ಆದಾತು, ಬೇಗ ಒರ್ಸೆ ಮಾರಾಯ್ತಿ," ಎಂದು ಹಂಗಿಸಿದರು. ಆದರೆ ಮಲಗು ಎನ್ನುವುದನ್ನು ಅವರೂ ಬಿಟ್ಟಿದ್ದರು.

ಸಾವಿತ್ರಿಗೆ ಹೆಣ್ಣುಮಗು ಹುಟ್ಟಿತು. ಮೊದಲ ಸಲ ಎರೆಯುವಾಗ ಅವಳು ನನ್ನ ಮುಂದೆಯೇ ಕುಕ್ಕರಗಾಲಲ್ಲಿ ಕೂತು, ಮಗುವಿನ ಎರಡೂ ಪಕ್ಕಕ್ಕೆ ಕೈ ಒಡ್ಡಿಕೊಂಡಿದ್ದಳು. ತಾಯಿಯಲ್ಲವೇ, ತಪ್ಪೇನು? ಆದರೂ ನೋವಾಯಿತು. ನಾನು ಚೊಂಬಿಗೆ ತಿರುಗಿದೆ, ಬಗ್ಗಿದೆ, ನೆತ್ತಿಗೆ ಅಂಗೈ ಅಡ್ಡ ಹಿಡಿದು ನೀರು ಬಿಟ್ಟೆ. ನೆಲ ನೆಲದಲ್ಲೇ ಇತ್ತು. ಮಗು ಎರಡಾಗದೆ ಒಂದೇ ಆಗಿ ಕಾಣುತ್ತಿತ್ತು. ಸಾವಿತ್ರಿ ಸ್ವಲ್ಪ ಹೊತ್ತು ನನ್ನ ಕಣ್ಣುಗಳನ್ನೇ ನೋಡಿದಳು, ಒಡ್ಡಿದ ಕೈ ಸೀರೆಗೆ ಒರೆಸಿಕೊಂಡು ಮೇಲೆದ್ದಳು.

"ನೀನು ಎರೀತಿರವ್ವ. ನಾನು ಹೋಗಿ ವಸಿ ಮಲಿಕತ್ತೀನಿ."